ಧಾರಾವಾಹಿಯ ಆಸ್ಪತ್ರೆಯಲ್ಲಿ ರೋಗಿಯ ಮಾತು

ಆಸ್ಪತ್ರೆಯನ್ನೇ ಕಥಾಭೂಮಿಯಾಗಿಸಿಕೊಂಡ ಧಾರಾವಾಹಿಗಳಲ್ಲಿ, 2002ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಆರಂಭವಾದ ಹಿಂದಿಯ ‘ಸಂಜೀವನಿ’ ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಿಗೂ ಪರಿಚಿತವಾದುದು. ತರುಣ ವೈದ್ಯರ ಸೇವಾಭಾವವನ್ನು ಅದು ಗೌರವದಿಂದಲೇ ಚಿತ್ರಿಸಿತು. ಆದರೆ ಈ ಪ್ರಕಾರದ ಕಥೆಗಳಲ್ಲಿ ರೋಗವು ಕಥೆಯ ಅನುಕೂಲಕ್ಕಾಗಿ ಬರುತ್ತದೆ, ಆ ಅನುಕೂಲಕ್ಕಾಗಿಯೇ ಗುಣವಾಗುತ್ತದೆ.

ಯಂತ್ರದ ಪರದೆಯಲ್ಲಿ ಹೃದಯದ ಗೆರೆ ನೇರವಾದೊಡನೆ ವಿದ್ಯುತ್ ಆಘಾತ ಕೊಡುವುದು, ರೋಗಿ ಕಣ್ತೆರೆಯುವುದು ಇಂಥ ಕಥೆಗಳ ಸಿದ್ಧ ದೃಶ್ಯ. ವಾಸ್ತವದಲ್ಲಿ ಆ ಆಘಾತ ಲಯಗೆಟ್ಟು ಕಂಪಿಸುವ ಹೃದಯಕ್ಕೆ ಕೊಡುವಂಥದು, ಪೂರ್ತಿ ಸ್ತಬ್ಧವಾದುದಕ್ಕಲ್ಲ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ವೈದ್ಯರು ಮೂರು ಕಾರ್ಯಕ್ರಮಗಳ 97 ಕಂತುಗಳನ್ನು ಪರಿಶೀಲಿಸಿದರು. ಹೃದಯ ನಿಂತ 60 ಪ್ರಸಂಗಗಳಲ್ಲಿ ಶೇ. 75ರಷ್ಟು ರೋಗಿಗಳು ತಕ್ಷಣ ಚೇತರಿಸಿಕೊಂಡಿದ್ದರು! ನಿಜದ ವಾರ್ಡಿನಲ್ಲಿ ಅಷ್ಟು ಮಂದಿ ಉಳಿಯುವುದಿಲ್ಲ. ಪರದೆಯನ್ನು ನಂಬಿದ ಬಂಧುಗಳ ಕಣ್ಣಿಗೆ ಆಗ ವೈದ್ಯನೇ ಅಪರಾಧಿಯಾಗುತ್ತಾನೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಅಲ್ಲಿ ರೋಗಿಗೆ ಮಾತಿಲ್ಲ. ಯಂತ್ರ ಹೇಳುತ್ತದೆ, ವೈದ್ಯ ತೀರ್ಪು ಕೊಡುತ್ತಾನೆ. ರೋಗನಿರ್ಣಯದ ಮೊದಲ ಮೆಟ್ಟಿಲಾದರೋ ರೋಗಿಯ ವೃತ್ತಾಂತ. ಎದೆ ಹಿಂಡಿದರೆ ಒಂದು ಶಂಕೆ, ಉರಿದರೆ ಇನ್ನೊಂದು. ಪಾದಗಳು ಜೋಮು ಹಿಡಿಯುತ್ತಿದ್ದರೆ ಸಕ್ಕರೆ ಕಾಯಿಲೆಯ ವಿಚಾರ ಬರುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಶರಪಂಜರ’ (1971) ಈ ದೃಷ್ಟಿಯಿಂದ ಮೇಲ್ಮಟ್ಟದ ಕೃತಿ. ಬಾಣಂತಿ ಕಾವೇರಿ ಮನೋರೋಗಕ್ಕೆ ತುತ್ತಾಗಿ, ಗುಣವಾಗಿ ಮನೆಗೆ ಮರಳಿದ ಮೇಲೂ ಕಥೆ ಮುಗಿಯುವುದಿಲ್ಲ. ಅವಳ ಮಾತನ್ನು ಯಾರೂ ನಂಬದಿರುವುದೇ ಅಲ್ಲಿಯ ದುರಂತ. ರೋಗದ ಹೆಸರಿಗಿಂತ ರೋಗಿ ದೊಡ್ಡವಳೆಂಬುದನ್ನು ಆ ಚಿತ್ರ ಬಲ್ಲುದು.

ಗಡಿನಾಡಿನ ನಮಗೆ ಈ ಮಾತಿನ ಪ್ರಶ್ನೆ ಹೆಚ್ಚು ತೀವ್ರವಾದುದು. ನಮ್ಮಲ್ಲಿ ಮನೆಯೊಳಗೆ ಕನ್ನಡ, ದವಾಖಾನೆಯಲ್ಲಿ ಮರಾಠಿ. ‘ಎದಿ ಹಿಂಡಿದಂಗ ಆಗ್ತದ’ ಎಂದು ಅಜ್ಜಿ ಹೇಳಿದ್ದು, ಜೊತೆಗೆ ಹೋದ ಮೊಮ್ಮಗನ ಬಾಯಲ್ಲಿ ಬರಿಯ ‘ಛಾತೀತ ದುಖತೆ’ ಆಗಿ ಡಾಕ್ಟರರನ್ನು ಮುಟ್ಟುತ್ತದೆ. ಮರಾಠಿಯಲ್ಲಿ ಪದಗಳಿಗೆ ಬರವಿಲ್ಲ; ಹುಡುಗನಿಗೆ ಅಜ್ಜಿಯ ಕನ್ನಡ ತಿಳಿಯದು. ಹಿಂಡುವುದಕ್ಕೂ ಚುಚ್ಚುವುದಕ್ಕೂ ಇರುವ ಅಂತರ ದಾರಿಯಲ್ಲೇ ಕಳೆದುಹೋಗುತ್ತದೆ. ಧಾರಾವಾಹಿಯ ಆಸ್ಪತ್ರೆಯಲ್ಲಿ ಇಂಥ ಅಜ್ಜಿಗೂ ಇಂಥ ಮೊಮ್ಮಗನಿಗೂ ಸ್ಥಳವಿಲ್ಲ.

ನಮ್ಮ ಸಂಘವು ಮಕ್ಕಳಿಗೆ ಪದ್ಯಗಳನ್ನು ಕಂಠಪಾಠ ಮಾಡಿಸುವಂತೆ, ನೋವು, ಉರಿ, ಸೆಳೆತ, ಜೋಮು ಎಂಬ ಮನೆಮಾತುಗಳನ್ನೂ ಅವುಗಳ ಮರಾಠಿ ಸಮಾನಪದಗಳೊಡನೆ ಕಲಿಸಲಿ. ಹಿರಿಯರಿಗೆ ಸರಿಯಾದ ಔಷಧ ದೊರೆಯುವುದಕ್ಕೂ ಇದರಿಂದ ನೆರವಾದೀತು.