‘ದಂಗಲ್’ ಕಳೆದುಕೊಂಡ ಏಳು ಅಂಕ

2010ರ ಅಕ್ಟೋಬರ್‌ನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟ. ಮಹಿಳೆಯರ 55 ಕೆ.ಜಿ. ಫ್ರೀಸ್ಟೈಲ್ ಫೈನಲ್‌ನಲ್ಲಿ ಗೀತಾ ಫೋಗಟ್ ಆಸ್ಟ್ರೇಲಿಯಾದ ಎಮಿಲಿ ಬೆನ್‌ಸ್ಟೆಡ್ ಅವರನ್ನು ಮೊದಲ ಸುತ್ತಿನಲ್ಲಿ 1–0, ಎರಡನೆಯದರಲ್ಲಿ 7–0 ಅಂತರದಿಂದ ಸೋಲಿಸಿದರು. ಮೂರನೆಯ ಸುತ್ತು ಬೇಕಾಗಲೇ ಇಲ್ಲ. ಆರು ವರ್ಷದ ನಂತರ, 2016ರ ಡಿಸೆಂಬರ್‌ನಲ್ಲಿ ಬಂದ ನಿತೇಶ್ ತಿವಾರಿಯವರ ‘ದಂಗಲ್’ ಚಿತ್ರದಲ್ಲಿ ಇದೇ ಫೈನಲ್ ಮೂರನೆಯ ಸುತ್ತಿನವರೆಗೆ ಸಾಗುತ್ತದೆ. ಗೀತಾ 1–5ರಲ್ಲಿ ಹಿಂದೆ ಬಿದ್ದಿದ್ದಾಳೆ, ಗಡಿಯಾರದಲ್ಲಿ ಬೆರಳೆಣಿಕೆಯ ಸೆಕೆಂಡುಗಳು. ಅಷ್ಟರಲ್ಲಿ ಎದುರಾಳಿಯನ್ನು ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆದು ಐದು ಅಂಕ ಗಿಟ್ಟಿಸುತ್ತಾಳೆ. 6–5. ಚಿತ್ರಮಂದಿರ ಎದ್ದು ನಿಲ್ಲುತ್ತದೆ.

ಸಿನಿಮಾ ಎಂದಮೇಲೆ ಉಪ್ಪುಖಾರ ಬೇಕು, ಅಂಕಪಟ್ಟಿ ಹಿಡಿದು ಕೂರಬಾರದು ಎನ್ನುವವರಿದ್ದಾರೆ. ಸರಿ. ಆದರೆ ಇಲ್ಲಿ ಬದಲಾದದ್ದು ಬರೀ ಅಂಕಪಟ್ಟಿಯಲ್ಲ. 7–0 ಎನ್ನುವುದು ವರ್ಷಗಟ್ಟಲೆ ನಡೆದ ಸಾಮಿನ ಫಲ. ಹರಿಯಾಣದ ಬಲಾಲಿ ಹಳ್ಳಿಯ ಮಣ್ಣಿನಲ್ಲಿ ತಂದೆ ಕಲಿಸಿದ್ದು, ಶಿಬಿರದ ಮ್ಯಾಟ್ ಮೇಲೆ ಇತರರು ತಿದ್ದಿದ್ದು, ಎಲ್ಲ ಅದರೊಳಗಿದೆ. ಒಳ್ಳೆಯ ತರಬೇತಿ ಫೈನಲ್ ಪಂದ್ಯವನ್ನು ನೀರಸ ಮಾಡಿಬಿಡುತ್ತದೆ. ಪವಾಡಕ್ಕೆ ಕೆಲಸವೇ ಉಳಿಯದಂತೆ ಮಾಡುವುದೇ ಕೋಚ್ ಆದವನ ಕಸುಬು. ಚಿತ್ರ ಆ ನೀರಸತೆಗೆ ಹೆದರಿತು. ಆ ತಂದೆ ಮಹಾವೀರ್ ಸಿಂಗ್ ಫೋಗಟ್ ಅವರನ್ನು ಹೊಗಳಲು ಹೊರಟು, ಅವರು ಏನನ್ನು ಸಾಧಿಸಿದರು ಎಂಬುದಕ್ಕಿದ್ದ ಗಟ್ಟಿ ಪುರಾವೆಯನ್ನೇ ಅಳಿಸಿಹಾಕಿತು.

ಕಥೆಯನ್ನು ಮತ್ತೆ ಹೇಳಬೇಕಿಲ್ಲ. ಜಗತ್ತಿನಾದ್ಯಂತ ಸುಮಾರು ಎರಡು ಸಾವಿರ ಕೋಟಿ ರೂಪಾಯಿ ಗಳಿಸಿದ, ಚೀನಾದ ಪ್ರೇಕ್ಷಕರನ್ನೂ ಅಳಿಸಿದ ಚಿತ್ರ ಇದು. ಮಕ್ಕಳ ಕ್ರೀಡಾ ತರಬೇತಿಯ ಮಾತು ಬಂದಲ್ಲೆಲ್ಲ ಇಂದಿಗೂ ಇದನ್ನು ಎತ್ತಿ ಆಡುತ್ತಾರೆ. ಬೆಳಗಿನ ಜಾವ ಮಗುವನ್ನು ಎಬ್ಬಿಸಿ ಮೈದಾನಕ್ಕೆ ತಳ್ಳುವ ಪ್ರತಿ ಅಪ್ಪನೂ ತನ್ನನ್ನು ಮಹಾವೀರರ ಪಾತ್ರ ಮಾಡಿದ ಆಮಿರ್ ಖಾನ್ ಎಂದುಕೊಳ್ಳಲು ಇದು ಪರವಾನಗಿ ಕೊಟ್ಟಿದೆ. ಹಾಗಾಗಿ ತರಬೇತಿಯ ಬಗ್ಗೆ ಈ ಚಿತ್ರಕ್ಕೆ ಏನು ಗೊತ್ತು ಎಂದು ಕೇಳಲೇಬೇಕು.

ಉತ್ತರ ಸಿಗುವುದು ಬೀಗ ಹಾಕಿದ ಕೋಣೆಯಲ್ಲಿ. ಫೈನಲ್‌ಗೆ ಮುನ್ನ ರಾಷ್ಟ್ರೀಯ ಕೋಚ್ ಪ್ರಮೋದ್ ಕದಂ ಹೊಟ್ಟೆಕಿಚ್ಚಿನಿಂದ ಸಂಚು ಹೂಡಿ, ಮಹಾವೀರನನ್ನು ಕ್ರೀಡಾಂಗಣದ ದೂರದ ಮೂಲೆಯೊಂದರಲ್ಲಿ ಕೂಡಿಹಾಕಿಸುತ್ತಾನೆ. ಅದುವರೆಗಿನ ಪಂದ್ಯಗಳಲ್ಲಿ ಗೀತಾ ಕೋಚಿನ ಮಾತು ಬಿಟ್ಟು, ಪ್ರೇಕ್ಷಕರ ನಡುವೆ ಕೂತ ಅಪ್ಪನ ದನಿಗೆ ಕಿವಿಗೊಟ್ಟು ಗೆದ್ದಿದ್ದಾಳೆ. ಈಗ ಆ ಆಸನ ಖಾಲಿ. ಅವಳು ಹುಡುಕುತ್ತಾಳೆ, ಅಪ್ಪ ಇಲ್ಲ. ಇಡೀ ಚಿತ್ರದಲ್ಲಿ ತರಬೇತಿಯ ಕುರಿತ ಅತ್ಯಂತ ನಿಜವಾದ ಕ್ಷಣ ಇದು. ಚಿತ್ರಕ್ಕೇ ಗೊತ್ತಿಲ್ಲದೆ ಬಂದುಬಿಟ್ಟ ನಿಜ. ಕುಸ್ತಿಯಲ್ಲಿ ಕೋಚ್ ಮ್ಯಾಟಿನ ಅಂಚಿನವರೆಗೆ ಬರಬಹುದು, ಒಳಗೆ ಬರುವಂತಿಲ್ಲ. ಒಳಗಿರುವವಳು ಎದುರಾಳಿಯ ಭುಜ ಯಾವ ಕಡೆ ವಾಲುತ್ತಿದೆ, ತೂಕ ಯಾವ ಕಾಲಿನ ಮೇಲಿದೆ ಎಂದು ತಾನೇ ಓದಬೇಕು. ಅಪ್ಪನಿಲ್ಲದ ಆ ಪಂದ್ಯದಲ್ಲಿ ಗೀತಾ ಮೊದಲ ಬಾರಿಗೆ ತನ್ನ ಕುಸ್ತಿಯನ್ನು ತಾನೇ ಆಡಬಹುದಿತ್ತು.

ಚಿತ್ರ ಆಡಗೊಡುವುದಿಲ್ಲ. ಸೋಲು ಎದುರಿಗೆ ನಿಂತಾಗ ಅವಳಿಗೆ ಬಾಲ್ಯದ ನೆನಪೊಂದು ಬರುತ್ತದೆ: ಅಪ್ಪ ನೀರಿಗೆ ತಳ್ಳಿದ್ದು, ಪ್ರತಿ ಸಲವೂ ಕಾಪಾಡಲು ತಾನು ಬರುವುದಿಲ್ಲ, ನಿನ್ನನ್ನು ನೀನೇ ಕಾಪಾಡಿಕೊಳ್ಳಬೇಕು ಎಂಬ ಅರ್ಥದ ಮಾತು ಹೇಳಿದ್ದು. ಅದರ ಬಲದಿಂದ, ಅಪ್ಪನೇ ವಿವರಿಸಿಕೊಟ್ಟಿದ್ದ ಐದು ಅಂಕದ ಪಟ್ಟನ್ನು ಹಾಕಿ ಗೆಲ್ಲುತ್ತಾಳೆ. ಸ್ವಾವಲಂಬನೆಯ ಪಾಠವನ್ನೂ ಅಪ್ಪನ ದನಿಯಲ್ಲೇ ಕೇಳಿಸಿಕೊಂಡು ಸ್ವಾವಲಂಬಿಯಾಗುವ ಈ ತಿರುವನ್ನು ಜಾಣತನವೆಂದು ಮೆಚ್ಚಿದವರಿದ್ದಾರೆ. ನನಗೆ ಇದು ಚಿತ್ರದ ಅಂಜುಬುರುಕತನವಾಗಿ ಕಾಣುತ್ತದೆ. ಬಾಗಿಲಿಗೆ ಬೀಗ ಹಾಕಿ ಹೊರಗಿಟ್ಟ ತಂದೆಯನ್ನು ಅದು ಮಗಳ ತಲೆಯ ಕಿಟಕಿಯಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಪಟ್ಟು ಅವಳ ದೇಹಕ್ಕೆ ಹೇಗೆ ಬಂತು? ಎಷ್ಟು ಸಲ ಹಾಕಲು ಹೋಗಿ ಬಿದ್ದಳು? ಯಾರ ಮೈಮೇಲೆ ಅಭ್ಯಾಸ ಮಾಡಿದಳು? ತೋರಿಸುವುದಿಲ್ಲ. ಬಾಯಿಮಾತಿನಲ್ಲಿ ವಿವರಿಸಿದ್ದು ಸರಿಯಾದ ಗಳಿಗೆಯಲ್ಲಿ ನೆನಪಾದರೆ ಸಾಕು, ದೇಹ ತಾನಾಗಿ ಎತ್ತಿ ಎಸೆಯುತ್ತದೆ ಎಂಬಂತೆ. ಗರಡಿಯಲ್ಲಿ ಒಂದು ದಿನ ಕಳೆದವರಿಗೂ ಗೊತ್ತು: ನೆನಪಿಸಿಕೊಂಡು ಹಾಕುವ ಪಟ್ಟು ಬೀಳುವುದಿಲ್ಲ. ನೆನಪಿನ ಹಂಗಿಲ್ಲದಷ್ಟು ಸಲ ಹಾಕಿದ್ದೇ ಬೀಳುವುದು.

ಗೆದ್ದ ಸುದ್ದಿ ಅಪ್ಪನಿಗೆ ತಿಳಿಯುವುದು ರಾಷ್ಟ್ರಗೀತೆ ಕಿವಿಗೆ ಬಿದ್ದಾಗ. ಬಿಡುಗಡೆಯ ಹೊತ್ತಿಗೆ, ಚಿತ್ರಮಂದಿರದಲ್ಲಿ ಪ್ರದರ್ಶನಕ್ಕೆ ಮುನ್ನ ರಾಷ್ಟ್ರಗೀತೆ ನುಡಿಸಬೇಕೆಂಬ ಸುಪ್ರೀಂ ಕೋರ್ಟ್ ಆದೇಶ ಬಂದು ತಿಂಗಳೂ ಆಗಿರಲಿಲ್ಲ. ಜನ ಮೊದಲಿಗೊಮ್ಮೆ ನಿಂತು, ಕೊನೆಗೆ ಮತ್ತೊಮ್ಮೆ ನಿಂತರು. ನಿಂತ ಜನ ಪಟ್ಟಿನ ಲೆಕ್ಕ ಕೇಳುವುದಿಲ್ಲ.

ಕೂಡಿಹಾಕಿದ ಪ್ರಸಂಗ ಕಟ್ಟುಕತೆ. ಆ ಕಾಲದ ರಾಷ್ಟ್ರೀಯ ಕೋಚ್ ಪಿ.ಆರ್. ಸೋಂಧಿ ಚಿತ್ರ ಬಂದ ಮೇಲೆ ಬಹಿರಂಗವಾಗಿಯೇ ನೊಂದುಕೊಂಡರು. ಚಿತ್ರದಲ್ಲಿ ಹೆಸರು ಬೇರೆ, ಹುದ್ದೆ ಅದೇ. ಒಬ್ಬ ತಂದೆಯನ್ನು ದೊಡ್ಡವನನ್ನಾಗಿ ಮಾಡಲು ಒಬ್ಬ ಕಸುಬುದಾರನನ್ನು ಸಣ್ಣವನನ್ನಾಗಿ ಮಾಡಬೇಕಾಯಿತು. ಪಟಿಯಾಲದ ರಾಷ್ಟ್ರೀಯ ಶಿಬಿರದ ಕೋಚಿಗೂ ಮಹಾವೀರನಿಗೂ ನಡುವಿನ ಜಗಳದಲ್ಲಿ ಒಂದು ನಿಜವಾದ ಪ್ರಶ್ನೆ ಇತ್ತು: ಮುನ್ನುಗ್ಗುವ ಸ್ವಭಾವದ ಹುಡುಗಿಗೆ ಕಾದು ಆಡುವುದನ್ನು ಕಲಿಸಬೇಕೇ, ಬೇಡವೇ? ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿಸಿದರೆ ಆಟ ಮುಗಿಯಿತು. ಮ್ಯಾಟ್ ಮೇಲೆ ಅಂಕ, ಗಡಿಯಾರ, ಎಚ್ಚರಿಕೆ, ಅಂಚಿನಾಚೆ ತಳ್ಳಿದ್ದಕ್ಕೂ ಲೆಕ್ಕ. ಹಳ್ಳಿಯ ಗರಡಿಯಲ್ಲಿ ಬೆಳೆದವಳು ರಾಷ್ಟ್ರೀಯ ಶಿಬಿರಕ್ಕೆ ಹೋದಾಗ ಹಳೆಯದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಮರೆಯಬೇಕು? ಪ್ರತಿಭಾವಂತ ಮಕ್ಕಳು ಊರಿನ ಗುರುವಿನಿಂದ ಶಿಬಿರದ ಗುರುವಿಗೆ ದಾಟುವಾಗ ಎಲ್ಲ ಕ್ರೀಡೆಯಲ್ಲೂ ಏಳುವ ಪ್ರಶ್ನೆ ಇದು. ಎಷ್ಟೋ ಮಕ್ಕಳು ಇಲ್ಲೇ ಮುರಿದುಹೋಗುತ್ತಾರೆ. ಹಳಿಯಾಳ, ಗದಗ, ಧಾರವಾಡದ ಕುಸ್ತಿಪಟುಗಳೂ ದಾಟಬೇಕಾದ ಹೊಳೆ ಇದೇ. ಚಿತ್ರ ಅದನ್ನು ತಂದೆಯ ಪ್ರೀತಿ ಮತ್ತು ಕೋಚಿನ ಅಹಂಕಾರದ ನಡುವಿನ ಹೋರಾಟ ಮಾಡಿ ಕೈತೊಳೆದುಕೊಂಡಿತು. ಮನೆಗೆ ಬಂದ ಗೀತಾ ಹೊಸ ವಿದ್ಯೆ ತೋರಿಸಿ ಅಪ್ಪನನ್ನು ಮಣ್ಣಿನಲ್ಲಿ ಕೆಡವುತ್ತಾಳಲ್ಲ, ಆ ದೃಶ್ಯದಲ್ಲಾದರೂ ಪ್ರಶ್ನೆಗೆ ಜೀವ ಬರಬಹುದಿತ್ತು. ಆದರೆ ಸೋತದ್ದು ಅಪ್ಪನ ವಿದ್ಯೆಯಲ್ಲ, ವಯಸ್ಸು ಎಂದು ತಂಗಿಯ ಬಾಯಲ್ಲಿ ತೀರ್ಪು ಹೇಳಿಸಿ ಮುಗಿಸಿದರು.

ಅಲ್ಲಿಂದಾಚೆ ಚಿತ್ರ ಮಾಡುವುದು ಇನ್ನೂ ಕೆಟ್ಟದ್ದು. ಪಟಿಯಾಲದಲ್ಲಿ ಗೀತಾ ಕೂದಲು ಬೆಳೆಸುತ್ತಾಳೆ, ಉಗುರಿಗೆ ಬಣ್ಣ ಹಚ್ಚುತ್ತಾಳೆ, ಟಿ.ವಿ. ನೋಡುತ್ತಾಳೆ, ಗೋಲ್‌ಗಪ್ಪ ತಿನ್ನುತ್ತಾಳೆ. ಮುಂದಿನ ದೃಶ್ಯಗಳಲ್ಲಿ ವಿದೇಶೀಯರ ಕೈಯಲ್ಲಿ ಸೋಲುತ್ತಾಳೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಸಂಕಲನವೇ ಆರೋಪ ಹೊರಿಸುತ್ತದೆ: ಕೂದಲು ಬೆಳೆಯಿತು, ಕುಸ್ತಿ ಹೋಯಿತು. ಚಿತ್ರ ಬರುವ ನಾಲ್ಕು ತಿಂಗಳ ಮೊದಲು, ಅದೇ ಹರಿಯಾಣದ ಸಾಕ್ಷಿ ಮಲಿಕ್ ಉದ್ದ ಕೂದಲು ಕಟ್ಟಿಕೊಂಡೇ ರಿಯೋ ಒಲಿಂಪಿಕ್ಸ್‌ನ 58 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದಿದ್ದರು. ಆ ಪಂದ್ಯದಲ್ಲಿ ಅವರು 0–5ರಿಂದ ಹಿಂದಿದ್ದು, ಕೊನೆಯ ಸೆಕೆಂಡುಗಳಲ್ಲಿ ಮುಂದೆ ಹಾರಿ 8–5ರಿಂದ ಗೆದ್ದದ್ದು ಇಡೀ ದೇಶ ಕಣ್ಣಾರೆ ಕಂಡ ಸಂಗತಿ. ‘ದಂಗಲ್’ ಕಲ್ಪಿಸಿಕೊಂಡ ರೋಚಕ ಅಂತ್ಯ ನಿಜದಲ್ಲಿ ನಡೆದದ್ದು ಬೇರೊಬ್ಬಾಕೆಯ ಬದುಕಿನಲ್ಲಿ, ಯಾವ ಅಪ್ಪನನ್ನೂ ಯಾರೂ ಕೂಡಿಹಾಕದೆ.

ಇನ್ನು ವಿಮರ್ಶಕರು. ಚಿತ್ರ ಬಂದ ಹೊಸತರಲ್ಲಿ ನಡೆದ ವಾಗ್ವಾದ ನೆನಪಿದ್ದವರಿಗೆ ಅದರ ಎರಡು ಪಕ್ಷಗಳೂ ನೆನಪಿರುತ್ತವೆ. ಒಂದು ಪಕ್ಷ, ತನ್ನ ಈಡೇರದ ಆಸೆಯನ್ನು ಹೆಣ್ಣುಮಕ್ಕಳ ಮೇಲೆ ಹೇರುವ ಅಪ್ಪನ ಕಥೆ ಹೆಣ್ಣಿನ ಕಥೆ ಹೇಗಾದೀತು ಎಂದಿತು. ಇನ್ನೊಂದು, ಹೆಣ್ಣು ಹುಟ್ಟುವುದನ್ನೇ ಸಹಿಸದ ಸೀಮೆಯಲ್ಲಿ ಮಗಳ ಕೈಗೆ ಕುಸ್ತಿ ಕೊಟ್ಟವನನ್ನು ನಗರದ ಸೋಫಾದಿಂದ ಅಳೆಯಬೇಡಿ ಎಂದಿತು. ಎರಡೂ ಕಡೆ ಬುದ್ಧಿವಂತರಿದ್ದರು. ಆದರೆ ಇಬ್ಬರೂ ಮನೆಯನ್ನು ನೋಡಿದರೇ ಹೊರತು ಅಖಾಡವನ್ನು ನೋಡಲಿಲ್ಲ. ಅಪ್ಪ ಒಳ್ಳೆಯವನೋ ಕೆಟ್ಟವನೋ ಎಂದು ತೂಗಿದವರು, ಅವನು ಒಳ್ಳೆಯ ಕೋಚ್ ಹೌದೋ ಅಲ್ಲವೋ ಎಂದು ಕೇಳಲಿಲ್ಲ. ಕ್ರಿಕೆಟ್ ಚಿತ್ರವೊಂದರಲ್ಲಿ ನಾಯಕನ ಬ್ಯಾಟ್ ಹಿಡಿತ ತಪ್ಪಾಗಿದ್ದರೆ ಇವರೇ ಬಿಡುತ್ತಿರಲಿಲ್ಲ.

ಸಮರ್ಥಕರೆಲ್ಲ ಓಡಿಹೋಗಿ ನಿಂತದ್ದು ಮದುಮಗಳ ದೃಶ್ಯದ ಹಿಂದೆ. ಅಪ್ಪನ ಕಟ್ಟುನಿಟ್ಟಿನಿಂದ ಬೇಸತ್ತ ಗೀತಾ ಮತ್ತು ತಂಗಿ ಬಬಿತಾ ಗೆಳತಿಯ ಮದುವೆಯಲ್ಲಿ ತಮ್ಮ ಅಳಲು ತೋಡಿಕೊಳ್ಳುತ್ತಾರೆ. ಹದಿನಾಲ್ಕರ ಆ ಮದುಮಗಳು, ನಿಮ್ಮಪ್ಪ ನಿಮ್ಮನ್ನು ಮಕ್ಕಳೆಂದಾದರೂ ಎಣಿಸುತ್ತಾನಲ್ಲ, ನನಗೆ ಅಂಥ ಅಪ್ಪ ಸಿಗಬಾರದಿತ್ತೇ ಎಂಬರ್ಥದ ಮಾತಾಡುತ್ತಾಳೆ. ಮರುದಿನದಿಂದ ಹುಡುಗಿಯರು ತಾವಾಗಿಯೇ ಎದ್ದು ಓಡುತ್ತಾರೆ. ದೃಶ್ಯ ಕಣ್ಣಲ್ಲಿ ನೀರು ತರಿಸುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗಮನಿಸಿ: ಆಯ್ಕೆಯೇ ಇಲ್ಲದವಳೊಬ್ಬಳನ್ನು ತಂದು, ಆಯ್ಕೆ ಕೇಳುತ್ತಿರುವ ಇಬ್ಬರ ಬಾಯಿ ಮುಚ್ಚಿಸಲಾಗಿದೆ. ಇದಕ್ಕಿಂತ ಕೆಟ್ಟದ್ದಿದೆ, ಆದ್ದರಿಂದ ಇದು ಒಳ್ಳೆಯದು. ಹುಡುಗಿಯರಿಗೆ ಕುಸ್ತಿ ಇಷ್ಟವಾಯಿತೇ? ಮೊದಲ ಬಾರಿ ಹುಡುಗನೊಬ್ಬನನ್ನು ಕೆಡವಿದಾಗ ಮೈಯಲ್ಲಿ ಏನಾಯಿತು? ಮಗುವಿನ ಒಳಗೆ ಆಟದ ರುಚಿ ಹುಟ್ಟುವ ಗಳಿಗೆಯನ್ನು ಹಿಡಿಯದೆ, ಅದರ ಜಾಗದಲ್ಲಿ ಕೃತಜ್ಞತೆಯನ್ನು ಕೂರಿಸಿತು ಈ ಚಿತ್ರ. ಕೃತಜ್ಞತೆಯಿಂದ ಬೆಳಿಗ್ಗೆ ಐದಕ್ಕೆ ಏಳಬಹುದು, ಹತ್ತು ವರ್ಷ ಏಳುವುದು ಕಷ್ಟ. ಅಪ್ಪನ ಯಂತ್ರ ಉಗುಳಿದ ಚೆಂಡುಗಳನ್ನು ಬಾಲ್ಯವಿಡೀ ಹೊಡೆದು ಜಗತ್ತಿನ ಅಗ್ರ ಆಟಗಾರನಾದ ಆಂಡ್ರೆ ಅಗಾಸಿ, ತಾನು ಟೆನಿಸ್ಸನ್ನು ದ್ವೇಷಿಸುತ್ತಿದ್ದೆ ಎಂದು 2009ರ ಆತ್ಮಕಥೆಯಲ್ಲಿ ಬರೆದುಕೊಂಡರು. ಗೆದ್ದವರೇ ಹೀಗೆ ಬರೆದರು; ಅದೇ ಬಗೆಯ ಅಪ್ಪಂದಿರ ಕೈಯಲ್ಲಿ ಸೋತವರ ಪುಸ್ತಕಗಳನ್ನು ಯಾರೂ ಅಚ್ಚು ಹಾಕುವುದಿಲ್ಲ.

ನ್ಯಾಯವಾಗಿ ಒಂದೆರಡು ಮಾತು. ಕುಸ್ತಿಗಾರ ಕೃಪಾಶಂಕರ್ ಬಿಷ್ಣೋಯಿ ಪಳಗಿಸಿದ ನಟಿಯರು ಹಿಡಿತ, ಜಾರುವಿಕೆ, ಕಾಲಿಗೆ ನುಗ್ಗುವುದು ಎಲ್ಲವನ್ನೂ ನಂಬುವಂತೆ ಮಾಡುತ್ತಾರೆ. ಸರ್ಕಾರಿ ಅಧಿಕಾರಿ ಮ್ಯಾಟಿಗೆ ದುಡ್ಡಿಲ್ಲ ಎಂದಾಗ ಮಹಾವೀರ ಹಾಸಿಗೆಗಳನ್ನು ಜೋಡಿಸಿ ಮ್ಯಾಟ್ ಮಾಡಿಕೊಳ್ಳುವುದು, ಮಗಳು ಸೋತ ಪಂದ್ಯಗಳ ಟೇಪ್ ತರಿಸಿ ತಪ್ಪುಗಳನ್ನು ಹೆಕ್ಕಿ ಫೋನಿನಲ್ಲಿ ಹೇಳುವುದು: ಇವು ತರಬೇತಿ. ಬಡವನ ತರಬೇತಿ, ಅಚ್ಚುಕಟ್ಟಾದ ತರಬೇತಿ. ಟೇಪಿನ ಪ್ರಸಂಗವನ್ನು ಇನ್ನೊಂದು ಹತ್ತು ನಿಮಿಷ ಬೆಳೆಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲವೇನೋ. ಅಲ್ಲಿ ಮಹಾವೀರ ಅಪ್ಪನಾಗಿ ಗುಡುಗುವುದಿಲ್ಲ. ಕೂತು ನೋಡುತ್ತಾನೆ, ತಪ್ಪನ್ನು ಗುರುತಿಸುತ್ತಾನೆ, ಒಂದೊಂದಾಗಿ ಹೇಳುತ್ತಾನೆ.

ಕೈಗೆ ಬಂದ ಇನ್ನೊಂದು ಪ್ರಶ್ನೆಯನ್ನು ಚಿತ್ರ ಹೇಗೆ ಜಾರಿಸಿತು ಎಂಬುದು ಆಗ ಯಾರಿಗೂ ಕಾಣಲಿಲ್ಲ, ನನಗೂ ಕಂಡಿರಲಾರದು. ಕಾಮನ್‌ವೆಲ್ತ್‌ಗೆ ಮುನ್ನ ಕೋಚ್ ಕದಂ, ಗೀತಾ 55 ಕೆ.ಜಿ. ಬಿಟ್ಟು 51ಕ್ಕೆ ಇಳಿಯಬೇಕು ಎನ್ನುತ್ತಾನೆ. ಇದು ಅವನ ಕೇಡಿಗತನದ ಪಟ್ಟಿಗೆ ಸೇರಿದ ಒಂದು ಅಂಶ, ಅಷ್ಟೇ. ನಾಲ್ಕು ಕೆ.ಜಿ. ಇಳಿಸುವುದೆಂದರೆ ಏನು, ಬೆಳೆಯುವ ಹುಡುಗಿಯ ಮೈಗೆ ಅದು ಏನು ಮಾಡುತ್ತದೆ, ತೀರ್ಮಾನ ಯಾರದು, ಒಂದು ಮಾತಿಲ್ಲ. 2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್, ಗೀತಾ ಅವರ ಚಿಕ್ಕಪ್ಪನ ಮಗಳು, ಬಲಾಲಿಯ ಅದೇ ಅಖಾಡದಲ್ಲಿ ಅದೇ ಮಹಾವೀರರ ಕೈಯಲ್ಲಿ ಬೆಳೆದವರು, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೋಲನ್ನೇ ಅರಿಯದೆ ಬಂದಿದ್ದ ಜಪಾನಿನ ಯುಯಿ ಸುಸಾಕಿಯವರನ್ನು ಮಣಿಸಿ ಫೈನಲ್ ಮುಟ್ಟಿದರು. 53 ಕೆ.ಜಿ.ಯಲ್ಲಿ ಆಡುತ್ತಿದ್ದವರು 50ಕ್ಕೆ ಇಳಿದಿದ್ದರು. ರಾತ್ರಿಯಿಡೀ ಬೆವರಿಳಿಸಿ, ಕೊನೆಗೆ ಕೂದಲನ್ನೂ ಕತ್ತರಿಸಿ, ಬೆಳಿಗ್ಗೆ ತಕ್ಕಡಿ ಏರಿದಾಗ ನೂರು ಗ್ರಾಂ ಹೆಚ್ಚಿತ್ತು. ಅನರ್ಹ. ಅದಕ್ಕೂ ಹಿಂದಿನ ವರ್ಷ ಇದೇ ವಿನೇಶ್, ಇದೇ ಸಾಕ್ಷಿ ಮಲಿಕ್ ಜಂತರ್‌ ಮಂತರ್‌ನಲ್ಲಿ ಧರಣಿ ಕೂತದ್ದು ಯಾವ ಕೋಚಿನ ಹೊಟ್ಟೆಕಿಚ್ಚಿನ ವಿರುದ್ಧವೂ ಅಲ್ಲ, ಕುಸ್ತಿ ಫೆಡರೇಷನ್ನಿನ ಅಧ್ಯಕ್ಷರ ವಿರುದ್ಧ, ಲೈಂಗಿಕ ಕಿರುಕುಳದ ಆರೋಪ ಹೊರಿಸಿ. ತಕ್ಕಡಿಯಾಗಲಿ ಫೆಡರೇಷನ್ನಾಗಲಿ ‘ದಂಗಲ್’ಗೆ ಹೊಸದಾಗಿ ಕಲ್ಪಿಸಿಕೊಳ್ಳಬೇಕಾದ ಸಂಗತಿಯಾಗಿರಲಿಲ್ಲ. ತೂಕ ಅದರ ಚಿತ್ರಕಥೆಯಲ್ಲೇ ಇತ್ತು, ಅಧಿಕಾರದ ಕಚೇರಿಯೂ ಇತ್ತು. ಅದು ಎರಡನ್ನೂ ಒಬ್ಬ ಸಣ್ಣ ಮನಸ್ಸಿನ ಕೋಚಿನ ತಲೆಗೆ ಕಟ್ಟಿ, ಅವನ ಕೈಗೆ ಬೀಗದ ಕೈ ಕೊಟ್ಟು ಕಳಿಸಿತು.