ಕೆಂಪು ಧೂಳಿನ ದಾರಿ

ವಸುಧೇಂದ್ರರ ‘ಕೆಂಪು ಗಿಣಿ’ಯನ್ನು ಬಳ್ಳಾರಿಯ ಗಣಿಗಾರಿಕೆಯ ಕಥೆಯೆಂದೇ ಓದುತ್ತ ಬಂದಿದ್ದೇವೆ. ಅದಿರಿನ ಧೂಳು ಹಸಿರು ಗಿಣಿಯನ್ನೂ ಕೆಂಪಾಗಿಸುವ ಆ ರೂಪಕ ಮರೆಯುವಂಥದ್ದಲ್ಲ. ಆದರೆ ಜೋಯಿಡಾ, ಹಳಿಯಾಳದ ಕಡೆ ಕೂತು ಓದಿದರೆ ಬೇರೊಂದು ಪ್ರಶ್ನೆ ಏಳುತ್ತದೆ: ಆ ಅದಿರು ಹೋದದ್ದು ಎಲ್ಲಿಗೆ, ಯಾವ ದಾರಿಯಲ್ಲಿ?

ಹೋದದ್ದು ಚೀನಾಕ್ಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಅಲ್ಲಿನ ಉಕ್ಕಿನ ಹಸಿವು ಅದಿರಿನ ಬೆಲೆಯನ್ನು ಏರಿಸಿತು. ಲಾರಿಗಳು ಯಲ್ಲಾಪುರದ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ, ರೈಲುಗಳು ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ದಾಟಿ ಗೋವಾದ ಬಂದರಿಗೆ ಹೋದವು. ಕಚ್ಚಾ ಅದಿರು ಮಾರುವ ನಾಡಿಗೂ ಅದನ್ನು ಉಕ್ಕಾಗಿಸಿ ಬೆಳೆಯುವ ದೇಶಕ್ಕೂ ಇರುವುದು ಸಮಬಲದ ಸಂಬಂಧವಲ್ಲ: ಅಲ್ಲಿ ಬೇಡಿಕೆ ಏರಿದರೆ ಇಲ್ಲಿ ಬೆಟ್ಟ ಕರಗುತ್ತದೆ.

2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಷೇಧಿಸಿತು. 2011ರಲ್ಲಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂತು. ವರದಿ ಗಣಿಯಿಂದ ಬಂದರಿನವರೆಗೂ ಅದಿರಿನ ಜಾಡು ಹಿಡಿಯಿತು. ನಮ್ಮ ಕಥನಗಳು ಅಷ್ಟು ದೂರ ಹೋಗುವುದು ಅಪರೂಪ. ಅಲ್ಲಿ ಗಣಿಧಣಿ ಇದ್ದಾನೆ, ಜಮೀನು ಕಳೆದುಕೊಂಡ ರೈತನಿದ್ದಾನೆ. ಕೊಳ್ಳುವವನಿಲ್ಲ, ನಡುವಿನ ಕಾಡಿಲ್ಲ. ಹಾಗಾಗಿ ತಪ್ಪೆಲ್ಲ ಒಬ್ಬಿಬ್ಬರು ಖಳರ ತಲೆಗೆ ಸುತ್ತಿಕೊಳ್ಳುತ್ತದೆ, ವ್ಯಾಪಾರದ ಕ್ರಮ ಮಾತ್ರ ಪಾರಾಗುತ್ತದೆ.

ಅದೇ ಕ್ಯಾಸಲ್‌ರಾಕ್ ಹಳಿಯ ಮೇಲೆ ಹೊರದೇಶದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆಂದು ಘಟ್ಟ ಹತ್ತುತ್ತದೆ. ಅಲ್ಲಿ ಜೋಡಿಹಳಿ ಹಾಕಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಗಿಣಿಯ ಬಣ್ಣ ಬದಲಾದದ್ದನ್ನು ಕಂಡ ಕನ್ನಡ ಕಥೆಗೆ ಈ ಕಾಡಿನ ಹಳಿಯೂ ಕಾಣಬೇಕು.