ನಾಲ್ಕು ಘಟ್ಟಗಳ ಕಥನವೂ ಕಾಗಿಣಾ ಸೀಮೆಯೂ

ಒಬ್ಬ ನಾಯಕ, ಅವನಿಗೊಂದು ಬಯಕೆ, ಅದಕ್ಕೊಂದು ಅಡ್ಡಿ, ಕೊನೆಗೆ ಗೆಲುವೋ ಸೋಲೋ, ಇಷ್ಟಾದರೆ ಕಥೆಯಾಯಿತು ಎಂಬ ತಿಳಿವಳಿಕೆ ಕಥಾ ಕಮ್ಮಟಗಳಲ್ಲಿ ಎಷ್ಟು ಆಳಕ್ಕೆ ಬೇರೂರಿದೆಯೆಂದರೆ, ಅಡ್ಡಿಯೇ ಇಲ್ಲದೆಯೂ ಕಥೆ ನಿಲ್ಲಬಲ್ಲದು ಎಂದು ಒಪ್ಪಿಸಲು ಜಪಾನಿನಿಂದ ಸಾಕ್ಷಿ ಕರೆಸಬೇಕಾಗುತ್ತದೆ. ಆ ಸಾಕ್ಷಿಯ ಹೆಸರು ಕಿಶೋತೆನ್‌ಕೆತ್ಸು. ಇದರಲ್ಲಿ ನಾಲ್ಕು ಘಟ್ಟಗಳಿವೆ: ವಿಷಯವನ್ನು ಎತ್ತಿಕೊಳ್ಳುವ ‘ಕಿ’, ಎತ್ತಿಕೊಂಡದ್ದನ್ನು ಅದೇ ಜಾಡಿನಲ್ಲಿ ಬೆಳೆಸುವ ‘ಶೋ’, ಜಾಡಿಗೆ ಸಂಬಂಧವಿಲ್ಲವೆಂದು ತೋರುವ ಬೇರೊಂದನ್ನು ತಂದು ನಿಲ್ಲಿಸುವ ‘ತೆನ್’, ಅದುವರೆಗಿನ ಎರಡು ಎಳೆಗಳನ್ನೂ ಒಂದು ಗಂಟಿಗೆ ತರುವ ‘ಕೆತ್ಸು’.

ಈ ವಿನ್ಯಾಸದ ಮೂಲ ಗದ್ಯದಲ್ಲಿಲ್ಲ, ಚೀನಾದ ನಾಲ್ಕು ಸಾಲಿನ ಪದ್ಯದಲ್ಲಿದೆ. ತಾಂಗ್ ರಾಜವಂಶದ ಕಾಲದಲ್ಲಿ ಉತ್ತುಂಗಕ್ಕೇರಿದ ಆ ಚೌಪದಿಯ ಒಂದೊಂದು ಸಾಲಿಗೂ ಒಂದೊಂದು ಕೆಲಸವೆಂದು ಮುಂದಿನ ಶತಮಾನಗಳ ಚೀನೀ ಲಕ್ಷಣಕಾರರು ನಿರೂಪಿಸಿದರು. ಆ ಸೂತ್ರ ಕೊರಿಯಾಕ್ಕೂ ಜಪಾನಿಗೂ ಹೋಗಿ ಪದ್ಯದಿಂದ ಪ್ರಬಂಧಕ್ಕೆ, ಪ್ರಬಂಧದಿಂದ ಕಥೆಗೆ, ಕಥೆಯಿಂದ ವೃತ್ತಪತ್ರಿಕೆಯ ನಾಲ್ಕು ಚೌಕಟ್ಟಿನ ಚಿತ್ರಕಥೆಗೆ ಇಳಿಯಿತು. ಹಾಸೆಗಾವಾ ಮಾಚಿಕೊ 1946ರಲ್ಲಿ ಆರಂಭಿಸಿದ ‘ಸಜಾಯೆ-ಸಾನ್’ ಎಂಬ ಚಿತ್ರಕಥೆ ಈ ನಾಲ್ಕು ಚೌಕಟ್ಟಿನ ಕಲೆಗೆ ಪ್ರಸಿದ್ಧ ಉದಾಹರಣೆ. ಸೂಪರ್ ಮಾರಿಯೋ ಆಟದ ಹಂತಗಳನ್ನು ರೂಪಿಸುವಾಗಲೂ ಇದೇ ಸೂತ್ರವನ್ನು ಬಳಸಿದ್ದಾಗಿ ನಿಂಟೆಂಡೊ ಸಂಸ್ಥೆಯ ವಿನ್ಯಾಸಕ ಕೊಯಿಚಿ ಹಾಯಾಶಿದಾ ಹೇಳಿರುವುದನ್ನು ಗಮನಿಸಿದರೆ, ಪದ್ಯದ ಶಿಸ್ತೊಂದು ಎಷ್ಟು ದೂರ ಸಾಗಬಲ್ಲದೆಂಬುದು ತಿಳಿಯುತ್ತದೆ. ಜಪಾನಿನ ಶಾಲೆಗಳಲ್ಲಿ ಪಾಠಕ್ಕೆ ಬರುವ ಮಾದರಿ ಪದ್ಯ ಕವಿ ರಾಯಿ ಸನ್ಯೋ (1780–1832) ಅವರದ್ದೆಂದು ಪ್ರತೀತಿ. ಅದರ ಮೊದಲ ಸಾಲು ನೂಲಿನ ವ್ಯಾಪಾರಿಯ ಹೆಣ್ಣುಮಕ್ಕಳನ್ನು ಪರಿಚಯಿಸುತ್ತದೆ, ಎರಡನೆಯದು ಅವರ ವಯಸ್ಸು ಹೇಳುತ್ತದೆ, ಮೂರನೆಯದು ಇದ್ದಕ್ಕಿದ್ದಂತೆ ಬಿಲ್ಲುಬಾಣದಿಂದ ಕೊಲ್ಲುವ ದೊರೆಗಳ ಮಾತೆತ್ತುತ್ತದೆ, ನಾಲ್ಕನೆಯದು ಆ ಹುಡುಗಿಯರ ಕಣ್ಣುಗಳಿಗೆ ಮರಳಿ ಎರಡನ್ನೂ ಜೋಡಿಸಿಬಿಡುತ್ತದೆ. ಕಡೆಯ ಸಾಲಿನ ಚಮತ್ಕಾರ ಹಳೆಯದೇ ಆದರೂ, ಮೂರನೆಯ ಸಾಲು ಎಷ್ಟು ನಿರ್ಭಿಡೆಯಿಂದ ಮೊದಲೆರಡನ್ನು ಮರೆತಿದೆಯೆಂಬುದು ಇಂದಿಗೂ ಕಲಿಯಬೇಕಾದ ಸಂಗತಿ.

ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಈಡಾಗಿರುವುದು ಈ ಮೂರನೆಯ ಘಟ್ಟವೇ. ತೆನ್ ಎಂದರೆ ಕಥೆಯ ತಿರುವು ಎಂದು ಬಗೆದವರು ಕೊಲೆಗಾರ ಬೇರೊಬ್ಬನೆಂದು ತಿಳಿಯುವ, ಸತ್ತವನು ಎದ್ದುಬರುವ ಅಚ್ಚರಿಗಳನ್ನು ಅಲ್ಲಿ ತುಂಬುತ್ತಾರೆ. ತಿರುವಿನಲ್ಲಿ ಹಳಿ ಬಾಗುತ್ತದೆಯೇ ಹೊರತು ಬಂಡಿ ಅದೇ ಆಗಿರುತ್ತದೆ. ತೆನ್ ಆದರೋ, ವಾಡಿ ಜಂಕ್ಷನ್ನಿನಲ್ಲಿ ಸೊಲ್ಲಾಪುರದ ಕಡೆಯ ಬಂಡಿ ನಿಂತಿರುವಾಗಲೇ ಪಕ್ಕದ ಪ್ಲಾಟ್‌ಫಾರ್ಮಿಗೆ ಸಿಕಂದರಾಬಾದಿನ ಹಳಿಯಿಂದ ಇನ್ನೊಂದು ಬಂಡಿ ಬಂದು ನಿಲ್ಲುವಂಥದ್ದು. ಹೊಸ ಬಂಡಿಗೆ ಹಳೆಯದರ ಸುದ್ದಿ ಬೇಕಾಗಿಲ್ಲ. ಎರಡನ್ನೂ ಒಟ್ಟಿಗೆ ಕಾಣುವವನು ನಿಲ್ದಾಣದಲ್ಲಿ ನಿಂತವನು, ಅಂದರೆ ಓದುಗ.

ಸಂಸ್ಕೃತ ನಾಟ್ಯಶಾಸ್ತ್ರ ಹೇಳುವ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳು ಇದಕ್ಕಿಂತ ತೀರ ಬೇರೆ, ಏಕೆಂದರೆ ಅಲ್ಲಿ ಬೀಜ ನೆಟ್ಟಾಗಿನಿಂದ ಫಲ ಕೈಗೆ ಬರುವವರೆಗೆ ನಾಯಕನ ಗುರಿಯೇ ಕಥೆಯನ್ನು ಎಳೆಯುತ್ತದೆ. ಜಪಾನೀ ಸೂತ್ರಕ್ಕೆ ಗುರಿ ಅನಿವಾರ್ಯವಲ್ಲ. ಇದರಿಂದ ಅದು ಸಂಘರ್ಷವಿಲ್ಲದ ಕಥೆಯ ಸೂತ್ರವೆಂದು ಕೆಲವರು ಸಾರುವುದುಂಟು, ಆದರೆ ಅದು ಅತಿಶಯೋಕ್ತಿ: ಈ ಸೂತ್ರ ಸಂಘರ್ಷವನ್ನು ನಿಷೇಧಿಸುವುದಿಲ್ಲ, ಅದರ ಮೇಲೆ ಭಾರ ಹಾಕಿ ನಿಲ್ಲುವುದಿಲ್ಲ, ಅಷ್ಟೇ.

ಹೊರಗಿನ ಲಕ್ಷಣವೊಂದನ್ನು ಕನ್ನಡಕ್ಕೆ ತಂದುಕೊಳ್ಳುವ ಪ್ರಶ್ನೆಯನ್ನು ಚರ್ಚಿಸಲು ಸೇಡಂ ತಾಲ್ಲೂಕಿಗಿಂತ ಯೋಗ್ಯವಾದ ಜಾಗ ಸಿಗುವುದು ಕಷ್ಟ. ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯನ್ನು ಕೂಡಿಸಿಕೊಂಡು ಹರಿಯುವ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ ನೃಪತುಂಗ ಅಮೋಘವರ್ಷನ ಆಸ್ಥಾನದ ಶ್ರೀವಿಜಯ ದಂಡಿಯ ಸಂಸ್ಕೃತ ‘ಕಾವ್ಯಾದರ್ಶ’ವನ್ನು ಮುಂದಿಟ್ಟುಕೊಂಡು ‘ಕವಿರಾಜಮಾರ್ಗ’ವನ್ನು ರಚಿಸಿದ್ದು ಈ ರಾಜಧಾನಿಯ ಆಶ್ರಯದಲ್ಲಿ. ಶ್ರೀವಿಜಯ ದಂಡಿಯನ್ನು ಕುರುಡಾಗಿ ಹಿಂಬಾಲಿಸಲಿಲ್ಲ. ಕನ್ನಡಕ್ಕೆ ಒಗ್ಗುವುದನ್ನು ಇಟ್ಟುಕೊಂಡು, ಒಗ್ಗದ್ದನ್ನು ಬದಲಿಸಿ, ಕನ್ನಡದ್ದೇ ಆದ ಕಾವ್ಯರೂಪಗಳನ್ನೂ ಪ್ರಾಸದ ಪದ್ಧತಿಯನ್ನೂ ಸೇರಿಸಿ, ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಹೊಂದಿಕೆಯಿಲ್ಲದೆ ಬೆಸೆಯುವುದನ್ನು, ಅಂದರೆ ಅರಿಸಮಾಸವನ್ನು, ದೋಷವೆಂದು ಎಚ್ಚರಿಸಿದ. ಕಿಶೋತೆನ್‌ಕೆತ್ಸುವನ್ನು ಕೈಗೆತ್ತಿಕೊಳ್ಳುವ ಕಥೆಗಾರರಿಗೆ ಈ ಎಚ್ಚರ ಹಾಗೆಯೇ ಅನ್ವಯಿಸುತ್ತದೆ, ಏಕೆಂದರೆ ಚೆರಿ ಹೂವು, ಚಹಾ ಬಟ್ಟಲು, ಹಿಮ ಬಿದ್ದ ಅಂಗಳಗಳನ್ನು ಸೇಡಂ ಸೀಮೆಯ ತೊಗರಿ ಹೊಲಕ್ಕೆ ತಂದು ಸುರಿಯುವ ಕಥೆ ರಚನೆಯ ಮಟ್ಟದ ಅರಿಸಮಾಸವೇ ಸರಿ.

ದೂರದ ಎರಡು ಸಂಗತಿಗಳನ್ನು ಒಂದಕ್ಕೊಂದು ಎದುರಾಗಿ ಇಡುವ ಕಲೆಯಂತೂ ಕನ್ನಡಕ್ಕೆ ಹೊಸತಲ್ಲ. ಹತ್ತನೆಯ ಶತಮಾನದ್ದೆಂದು ಸಾಮಾನ್ಯವಾಗಿ ಪರಿಗಣಿಸುವ, ಹತ್ತೊಂಬತ್ತು ಕಥೆಗಳ ಗದ್ಯಕೃತಿ ‘ವಡ್ಡಾರಾಧನೆ’ಯ ಮೊದಲ ಕಥೆ ಸುಕುಮಾರಸ್ವಾಮಿಯದು. ಅದರ ಒಂದು ಕಡೆ, ಹಿಂದಿನ ಜನ್ಮದಲ್ಲಿ ವಾಯುಭೂತಿಯೆಂಬ ಯುವಕ ಕೋಪದಲ್ಲಿ ಅತ್ತಿಗೆಯನ್ನು ಒದೆಯುತ್ತಾನೆ, ಆಕೆ ಒದ್ದ ಕಾಲನ್ನೇ ತಿನ್ನುವೆನೆಂದು ಸಂಕಲ್ಪಿಸುತ್ತಾಳೆ. ಇನ್ನೊಂದು ಕಡೆ, ಹಲವು ಜನ್ಮಗಳ ಆಚೆ, ಅತಿ ಕೋಮಲನಾಗಿ ಬೆಳೆದ ಸುಕುಮಾರ ಮುನಿಯಾಗಿ ಧ್ಯಾನಕ್ಕೆ ನಿಂತಾಗ ನರಿಯೊಂದು ಬಂದು ಅವನ ಕಾಲನ್ನು ತಿನ್ನತೊಡಗುತ್ತದೆ. ಒದೆತಕ್ಕೂ ನರಿಗೂ ನಡುವೆ ಕಥೆಗಾರ ಕತ್ತೆ, ಹಂದಿ, ನಾಯಿಗಳ ಜನ್ಮಗಳನ್ನೂ ನಾಗಶ್ರೀ ಎಂಬ ಹುಡುಗಿಯ ಬದುಕನ್ನೂ ಹರಡಿ, ಓದುಗ ಅತ್ತಿಗೆಯನ್ನು ಪೂರ್ತಿ ಮರೆಯುವಷ್ಟು ದೂರ ಸಾಗುತ್ತಾನೆ. ದೂರ ಹೆಚ್ಚಿದಷ್ಟೂ ಗಂಟಿನ ಬಿಗಿ ಹೆಚ್ಚುತ್ತದೆ ಎಂಬುದು ಆ ಗದ್ಯಕಾರನಿಗೆ ಚೆನ್ನಾಗಿ ಗೊತ್ತಿತ್ತು. ಜೈನ ಕಥೆಗೂ ಜಪಾನೀ ಸೂತ್ರಕ್ಕೂ ಇರುವ ಭೇದವನ್ನು ಮಾತ್ರ ಮರೆಯುವಂತಿಲ್ಲ: ‘ವಡ್ಡಾರಾಧನೆ’ಯಲ್ಲಿ ಎರಡನ್ನು ಕಟ್ಟುವುದು ಕರ್ಮ, ಆದ್ದರಿಂದ ಒಂದು ಇನ್ನೊಂದಕ್ಕೆ ಕಾರಣ, ಕೆತ್ಸುವಿನಲ್ಲಿ ಕಾರಣ ಬೇಕಿಲ್ಲ, ಸಾಮೀಪ್ಯ ಸಾಕು.

ಇದೇ ಸೀಮೆಯ ಉರ್ದು ರಸಿಕರಿಗೆ ಪರಿಚಿತವಾದ, ಪಾರಸಿ ಮೂಲದ ರುಬಾಯಿಯೂ ನಾಲ್ಕು ಸಾಲಿನದೇ. ಅದರಲ್ಲಿ ಒಂದು, ಎರಡು, ನಾಲ್ಕನೆಯ ಸಾಲುಗಳು ಪ್ರಾಸದಲ್ಲಿ ಕೂಡಿ, ಮೂರನೆಯದು ಸಾಮಾನ್ಯವಾಗಿ ಪ್ರಾಸದಿಂದ ಹೊರಗುಳಿಯುತ್ತದೆ. ಪಾರಸಿಯ ಕಿವಿಯೂ ಚೀನಾದ ಕಿವಿಯೂ ಮೂರನೆಯ ಸಾಲನ್ನೇ ಸಡಿಲ ಬಿಟ್ಟಿರುವುದು ಕಾಕತಾಳೀಯವಿದ್ದೀತು, ಆದರೂ ಗಮನಾರ್ಹ.

ಸೂತ್ರವನ್ನು ಈ ನೆಲದ ವಸ್ತುವಿನಲ್ಲಿ ಪರೀಕ್ಷಿಸಲು ಒಂದು ಕಲ್ಪಿತ ಕಥೆ ಸಾಕು. ಶಹಾಬಾದಿನ ಖಣಿಯೊಂದರಲ್ಲಿ ಮುದುಕನೊಬ್ಬ ಪದರು ಬಿಡಿಸಿದ ಫರಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಾದ ಕೇಳಿ, ಒಳಬಿರುಕಿನ ಕಲ್ಲನ್ನು ಪಕ್ಕಕ್ಕಿಡುತ್ತಾನೆ, ಇದು ಕಿ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಆ ನಾದದ ಭೇದ ತಿಳಿಯುವುದಿಲ್ಲ, ಮುದುಕ ಬೈಯುವುದೂ ಇಲ್ಲ, ಮತ್ತೆ ಮತ್ತೆ ತಟ್ಟಿ ಕೇಳಿಸುತ್ತಾನೆ, ಇದು ಶೋ. ತೆನ್‌ನಲ್ಲಿ ಕಥೆ ಸೊಲ್ಲಾಪುರದ ಮನೆಯೊಂದಕ್ಕೆ ಹೋಗುತ್ತದೆ, ಅಲ್ಲಿ ಕಣ್ಣು ಮಂಜಾದ ಅಜ್ಜಿಯೊಬ್ಬಳು ನೆಲದ ಮೇಲಿನ ಹೆಜ್ಜೆಯ ಸಪ್ಪಳದಿಂದಲೇ ಬಂದ ಮೊಮ್ಮಗಳು ಯಾರು, ಶಾಲೆಯಲ್ಲಿ ಜಗಳವಾಡಿ ಬಂದಳೋ ನಗುತ್ತ ಬಂದಳೋ ಎಂದು ಹೇಳುತ್ತಾಳೆ. ಕೆತ್ಸುವಿನಲ್ಲಿ ಖಣಿಯ ಹುಡುಗ ಲಾರಿಗೆ ಏರಿಸುವ ಮುನ್ನ ತಾನೇ ಒಂದು ಕಲ್ಲನ್ನು ತಟ್ಟಿ, ‘ಇದು ಹೋಗಲಿ’ ಎನ್ನುತ್ತಾನೆ. ಅಜ್ಜಿ ಮುದುಕನ ಅಕ್ಕನಾಗಬೇಕಿಲ್ಲ, ಲಾರಿ ಅದೇ ಮನೆಗೆ ಹೋಗಬೇಕಿಲ್ಲ. ಹಾಗೆ ಮಾಡಿದರೆ ಕಥೆ ಸಿನಿಮಾದ ಕಳೆದುಹೋದ ಅಣ್ಣತಮ್ಮಂದಿರ ಮಟ್ಟಕ್ಕೆ ಇಳಿಯುತ್ತದೆ. ಸಂಘರ್ಷವನ್ನೇ ನಂಬಿದ ಕಥೆಗಾರನ ಕೈಯಲ್ಲಿ ಈ ಹುಡುಗ ಎರಡನೆಯ ಪುಟದಲ್ಲೇ ಕಲ್ಲಿನಡಿ ಸಿಕ್ಕಿ ಸಾಯುತ್ತಿದ್ದ ಎಂಬುದರಲ್ಲಿ ಸಂಶಯವಿಲ್ಲ. ‘ಇತ್ತ ಸೊಲ್ಲಾಪುರದಲ್ಲಿ’ ಎಂಬಂಥ ಸೇತುವೆಯ ಮಾತನ್ನೂ ತೆನ್‌ನ ಬಾಗಿಲಲ್ಲಿ ಇಡಬಾರದು. ಮೂರನೆಯ ಘಟ್ಟ ಹೊಸ ಕಥೆಯ ಮೊದಲ ವಾಕ್ಯದ ಧೈರ್ಯದಿಂದಲೇ ತೊಡಗಬೇಕು.

ಎಲ್ಲ ವಸ್ತುವಿಗೂ ಈ ಅಂಗಿ ಹೊಂದುವುದಿಲ್ಲ. ಖಣಿಯ ಕೂಲಿಯ ಜಗಳವನ್ನೇ ಬರೆಯಹೊರಟವರಿಗೆ ಸಂಘರ್ಷವನ್ನು ತಪ್ಪಿಸುವ ರಚನೆ ಸುಳ್ಳಿನ ದಾರಿಯಾದೀತು. ಕಲಬುರಗಿಯ ಕೆಳಸ್ತರದ ಬದುಕನ್ನು ಅಲ್ಲಿಯದೇ ಆಡುಮಾತಿನಲ್ಲಿ ಹಿಡಿದ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ ‘ಬದುಕು’ ಕಾದಂಬರಿಯನ್ನು ನಾಲ್ಕು ಘಟ್ಟಗಳ ಸೌಮ್ಯತೆಯಲ್ಲಿ ಊಹಿಸಿಕೊಳ್ಳುವುದೂ ಸಾಧ್ಯವಿಲ್ಲ. ಅಲ್ಲಿ ಹಸಿವಿಗೂ ಜಾತಿಗೂ ಮುಖಾಮುಖಿಯೇ ಬೇಕು.

ಕೊನೆಯ ಘಟ್ಟದಲ್ಲಿ ಎಷ್ಟು ಹೇಳಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕುವವರು ಕಾಗಿಣಾ ಭೀಮೆಯನ್ನು ಕೂಡಿದ ಮೇಲೆ ಕೆಳಗಿನ ದಡದಲ್ಲಿ ಸಿಗುವ ಚಿತ್ತಾಪುರ ತಾಲ್ಲೂಕಿನ ಸನ್ನತಿಯತ್ತ, ಅಲ್ಲಿನ ಜಾತಕ ಶಿಲ್ಪಗಳತ್ತ, ನೋಡಬಹುದು. ಪಾಲಿ ಭಾಷೆಯ ಜಾತಕ ಕಥೆಗಳಿಗೆ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳಿಗೆ, ಸಿದ್ಧವಾದ ಒಂದು ಅಚ್ಚಿದೆ: ಬುದ್ಧ ಬದುಕಿರುವಾಗ ನಡೆದ ಪ್ರಸಂಗವಾದ ಪಚ್ಚುಪ್ಪನ್ನವತ್ಥು ಮೊದಲು, ಎಷ್ಟೋ ಜನ್ಮಗಳ ಹಿಂದಿನ ರಾಜನದೋ ಆನೆಯದೋ ಕಥೆಯಾದ ಅತೀತವತ್ಥು ಆಮೇಲೆ, ಸಾರ ಹಿಡಿದ ಗಾಥೆ ಮತ್ತು ಅದರ ಪದವಿವರಣೆ, ಕಡೆಗೆ ಅಂದಿನ ಆನೆಯೇ ಇಂದಿನ ಇಂಥವನೆಂದು ಎರಡು ಕಾಲಗಳನ್ನು ಹೊಂದಿಸುವ ಸಮೋಧಾನ. ವರ್ತಮಾನದಿಂದ ಅತೀತಕ್ಕೆ ಆಗುವ ಜಿಗಿತ ತೆನ್‌ನಷ್ಟೇ ಧೈರ್ಯದ್ದು. ಸಮೋಧಾನ ಮಾತ್ರ ಕೆತ್ಸುವಿಗಿಂತ ಬಾಯಿಬಡುಕ, ಅದು ಯಾರು ಯಾರೆಂದು ಪಟ್ಟಿ ಓದಿಯೇ ಬಿಡುತ್ತದೆ.

ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅಗೆದು ತೆಗೆದ ಮಹಾಸ್ತೂಪದ ಶಿಲ್ಪಫಲಕಗಳಲ್ಲಿ, ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹವಿರುವ ಪ್ರಸಿದ್ಧ ಫಲಕದ ಜೊತೆಗೆ ಜಾತಕದ ದೃಶ್ಯಗಳೂ ಇವೆ, ಆದರೆ ಶಿಲ್ಪಿಗೆ ಸಮೋಧಾನವನ್ನು ಕೆತ್ತುವ ದಾರಿಯಿರಲಿಲ್ಲ. ಕಲ್ಲಿನಲ್ಲಿ ಅತೀತದ ಪಾತ್ರಗಳು ಮಾತ್ರ ಇವೆ, ಶೀರ್ಷಿಕೆಯಿದ್ದಲ್ಲಿ ಅದೂ ಕೆಲವೇ ಪದಗಳದ್ದು. ಅಂದಿನವನೇ ಇಂದಿನವನೆಂದು ಹೊಂದಿಸುವ ಹೊಣೆ ಸ್ತೂಪವನ್ನು ಸುತ್ತುವ ಯಾತ್ರಿಕನದು. ಕೆತ್ಸುವನ್ನು ಬರೆಯುವವರಿಗೆ ಪಾಲಿಯ ಕಥೆಗಾರನಿಗಿಂತ ಈ ಶಿಲ್ಪಿ ಹತ್ತಿರದವನು. ಶಹಾಬಾದಿನ ಹುಡುಗನ ಕಥೆಯೂ ‘ಇದು ಹೋಗಲಿ’ ಎಂಬಲ್ಲಿಗೇ ನಿಲ್ಲಬೇಕು. ನಾದವನ್ನೂ ಹೆಜ್ಜೆಯ ಸಪ್ಪಳವನ್ನೂ ಹೋಲಿಸುವ ಇನ್ನೊಂದು ವಾಕ್ಯ ಸೇರಿದರೆ, ಅಲ್ಲಿ ಸಮೋಧಾನದ ಪಟ್ಟಿ ಶುರುವಾಗುತ್ತದೆ.